ಅಮೆರಿಕದ ಸ್ಮಾರ್ಟ್ ಥರ್ಮೋಸ್ಟಾಟ್ ಹುಬ್ಬಳ್ಳಿಯ ಎಸಿಗೆ ಹೊಂದುತ್ತದೆಯೇ?

ಕೇಶ್ವಾಪುರ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದಾನೆ. ಅಲ್ಲಿನ ಮನೆಗೆ ಹೊಸ ಸ್ಮಾರ್ಟ್ ಥರ್ಮೋಸ್ಟಾಟ್, ಅಂದರೆ ಮನೆಯ ಬಿಸಿ-ತಂಪನ್ನು ಬೇಕಾದ ಡಿಗ್ರಿಯಲ್ಲಿ ತಾನಾಗಿ ಹಿಡಿದಿಡುವ ಗೋಡೆಯ ಯಂತ್ರ, ಹಾಕಿಸಿಕೊಂಡಿದ್ದಾನೆ. ಹಳೆಯದು ಇನ್ನೂ ಚೆನ್ನಾಗಿದೆ, ಊರಿಗೆ ಬರುವಾಗ ನಿನಗೆ ತರುತ್ತೇನೆ ಎನ್ನುತ್ತಿದ್ದಾನೆ. ನಮ್ಮದು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಮೊದಲ ಮಹಡಿಯ ಮನೆ. ಮಲಗುವ ಕೋಣೆಯ ನೆತ್ತಿಯ ಮೇಲೆ ನೇರವಾಗಿ ತಾರಸಿ. ಒಂದೂವರೆ ಟನ್ನಿನ ಇನ್ವರ್ಟರ್ ಎಸಿ ಇದೆ.

ರಾತ್ರಿ ಹತ್ತು ಗಂಟೆಗೆ ಎಸಿಯನ್ನು 22ಕ್ಕೆ ಇಟ್ಟರೂ ಸೆಕೆ ಹೋಗುವುದಿಲ್ಲ. ನಸುಕಿನ ಮೂರು ಗಂಟೆಗೆ ಅದೇ 22ರಲ್ಲಿ ಅತ್ತೆಯವರಿಗೆ ಮೈ ನಡುಗುತ್ತದೆ. ಅವರಿಗೆ ಎಂಬತ್ತು ದಾಟಿದೆ, ಕತ್ತಲಲ್ಲಿ ರಿಮೋಟ್ ಹುಡುಕಿ ಒತ್ತುವುದು ಅವರಿಂದಾಗದು. ಪ್ರತಿ ರಾತ್ರಿ ನಾನೇ ಎದ್ದು ಏರಿಸಬೇಕು. ತಮ್ಮನ ಮನೆಯಲ್ಲಿ ಇದೆಲ್ಲ ತಾನಾಗಿಯೇ ನಡೆಯುತ್ತದಂತೆ. ಆ ಯಂತ್ರ ಇಲ್ಲಿಗೆ ಹೊಂದುತ್ತದೆಯೇ? ಹೊಂದದಿದ್ದರೆ ಅದು ಮಾಡುವ ಕೆಲಸವನ್ನು ಇಲ್ಲಿ ಹೇಗೆ ಮಾಡಿಸಿಕೊಳ್ಳಬಹುದು? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಗೋಕುಲ ರಸ್ತೆ ಎಸಿ ಮೆಕ್ಯಾನಿಕ್

ಅಕ್ಕಾವರೇ, ಹೊಂದುವುದಿಲ್ಲ. ತರಬೇಡಿ ಎಂದು ತಮ್ಮನವರಿಗೆ ಈಗಲೇ ತಿಳಿಸಿ.

ಆ ಥರ್ಮೋಸ್ಟಾಟ್ ಗೋಡೆಯೊಳಗಿಂದ ಬರುವ 24 ವೋಲ್ಟ್‌ನ ತೆಳು ತಂತಿಗಳಿಗೆ ಜೋಡಿಸುವಂಥದ್ದು. ನಿಮ್ಮ ಸ್ಪ್ಲಿಟ್ ಎಸಿಯಲ್ಲಿ ಅಂಥ ತಂತಿಯೇ ಇರುವುದಿಲ್ಲ. ಕೋಣೆಯೊಳಗಿನ ಯುನಿಟ್ಟು, ಹೊರಗಿನ ಯುನಿಟ್ಟು ಎರಡೂ ಆಯಾ ಕಂಪನಿಯ ಸ್ವಂತ ಸಂಕೇತದಲ್ಲಿ ಮಾತನಾಡಿಕೊಳ್ಳುತ್ತವೆ. ಮೂರನೆಯ ಯಂತ್ರಕ್ಕೆ ನಡುವೆ ತೂರಲು ಜಾಗವಿಲ್ಲ. ಯಾರಾದರೂ ಹುರುಪಿನಲ್ಲಿ ಅದನ್ನು ನಮ್ಮ 230 ವೋಲ್ಟ್ ತಂತಿಗೆ ಸೇರಿಸಿದರೆ ಥರ್ಮೋಸ್ಟಾಟ್ ಸುಟ್ಟುಹೋಗುತ್ತದೆ, ಸೇರಿಸಿದವರ ಜೀವಕ್ಕೂ ಅಪಾಯ.

ಇನ್ನೊಂದು ವಿಷಯ. ನಿಮ್ಮ ಎಸಿಯಲ್ಲಿ ಥರ್ಮೋಸ್ಟಾಟ್ ಈಗಾಗಲೇ ಇದೆ. ಮುಂದಿನ ಮುಚ್ಚಳ ಎತ್ತಿ ಫಿಲ್ಟರ್ ತೆಗೆದರೆ, ಹಿಂದಿನ ತಾಮ್ರದ ಕಾಯಿಲ್ ಎದುರಿಗೆ ಕಾಳಿನಷ್ಟು ಚಿಕ್ಕ ಸೆನ್ಸರ್ ಒಂದು ತಂತಿಯ ತುದಿಯಲ್ಲಿ ಕಾಣುತ್ತದೆ. ಕೋಣೆಯ ಗಾಳಿ ಒಳಗೆ ಹೋಗುವ ದಾರಿಯಲ್ಲಿ ಅದು ಕೂತಿರುತ್ತದೆ. ಬಿಸಿ ಹೆಚ್ಚಾದಂತೆ ಅದರ ವಿದ್ಯುತ್ ತಡೆ ಕಡಿಮೆಯಾಗುತ್ತದೆ. ಅದನ್ನು ನೋಡಿ ಒಳಗಿನ ಬೋರ್ಡು ಕಂಪ್ರೆಸರ್ ಎಷ್ಟು ವೇಗದಲ್ಲಿ ಓಡಬೇಕೆಂದು ನಿರ್ಧರಿಸುತ್ತದೆ. ನಿಮ್ಮ ಮನೆಯ ತೊಂದರೆಯ ಅರ್ಧ ಭಾಗ ಈ ಸೆನ್ಸರ್ ಇರುವ ಜಾಗದಲ್ಲಿಯೇ ಇದೆ. ಅದು ಗೋಡೆಯ ಮೇಲೆ ಏಳೆಂಟು ಅಡಿ ಎತ್ತರದಲ್ಲಿದೆ, ಅತ್ತೆಯವರು ಮಲಗುವುದು ಎರಡಡಿ ಎತ್ತರದ ಮಂಚದ ಮೇಲೆ. ಮೇಲಿನ ಗಾಳಿ 24 ಇದ್ದಾಗ ಮಂಚದ ಬಳಿ ಅದಕ್ಕಿಂತ ತಂಪಾಗಿರುತ್ತದೆ. ಎಸಿ ಅದಕ್ಕೆ ಒಂದಿಷ್ಟು ಲೆಕ್ಕ ಹೊಂದಿಸಿಕೊಂಡಿರುತ್ತದೆ ನಿಜ, ಆದರೆ ಎಲ್ಲ ಕೋಣೆಗೂ ಒಂದೇ ಲೆಕ್ಕ ಸರಿಹೋಗುವುದಿಲ್ಲ.

ಮಿನಿಯಾಪೊಲಿಸ್ ತಮ್ಮ

ಅಕ್ಕ ಈ ಚರ್ಚೆಯ ಕೊಂಡಿ ಕಳಿಸಿದಳು. ಮೆಕ್ಯಾನಿಕ್ ಅಣ್ಣನವರಿಗೆ ಧನ್ಯವಾದ. ಇಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾನು ಬರೆಯುತ್ತೇನೆ, ಹೋಲಿಸಿ ನೋಡಲು ಅನುಕೂಲವಾಗುತ್ತದೆ.

ಇಲ್ಲಿ ಮನೆಗೆಲ್ಲ ಒಂದೇ ಯಂತ್ರ. ನೆಲಮಾಳಿಗೆಯಲ್ಲಿ ಅನಿಲದಿಂದ ಉರಿಯುವ ಕುಲುಮೆಯಂಥ ಪೆಟ್ಟಿಗೆ ಇದೆ. ಅದು ಬಿಸಿ ಮಾಡಿದ ಗಾಳಿಯನ್ನು ತಗಡಿನ ಕೊಳವೆಗಳ ಮೂಲಕ ಪ್ರತಿ ಕೋಣೆಗೂ ಒಂದು ದೊಡ್ಡ ಫ್ಯಾನು ತಳ್ಳುತ್ತದೆ. ಬೇಸಿಗೆಯಲ್ಲಿ ಅದೇ ಫ್ಯಾನು, ಅದೇ ಕೊಳವೆ. ಹೊರಗಿನ ಕಂಪ್ರೆಸರಿಗೆ ಜೋಡಿಸಿದ ಕಾಯಿಲ್ ಗಾಳಿಯನ್ನು ತಣ್ಣಗೆ ಮಾಡುತ್ತದೆ. ಗೋಡೆಯ ಥರ್ಮೋಸ್ಟಾಟಿಗೆ ಬರುವ ತಂತಿಗಳಿಗೆ ಇಂಗ್ಲಿಷ್ ಅಕ್ಷರಗಳ ಗುರುತು ಇದೆ. ಆರ್ ಎಂದರೆ ವಿದ್ಯುತ್ ಬರುವ ತಂತಿ. ಆರ್ ಅನ್ನು ಡಬ್ಲ್ಯೂಗೆ ಕೂಡಿಸಿದರೆ ಬಿಸಿ, ವೈಗೆ ಕೂಡಿಸಿದರೆ ತಂಪು, ಜಿಗೆ ಕೂಡಿಸಿದರೆ ಬರೀ ಫ್ಯಾನು. ಸಿ ಎಂಬುದು ವಾಪಸು ಹೋಗುವ ತಂತಿ. ವೈಫೈ, ಪರದೆ ಇರುವ ಥರ್ಮೋಸ್ಟಾಟ್ ಸದಾ ಎಚ್ಚರವಾಗಿರಲು ಅದು ಬೇಕು. ಹಳೆಯ ಮನೆಗಳಲ್ಲಿ ಸಿ ತಂತಿ ಇಲ್ಲದೆ ಎಷ್ಟೋ ಜನ ಪರದಾಡುತ್ತಾರೆ. ಎಷ್ಟೇ ಬೆಲೆಯದಾದರೂ ಕೊನೆಗೆ ಅದು ಮಾಡುವುದು ಈ ತಂತಿಗಳನ್ನು ಕೂಡಿಸುವ, ಬಿಡಿಸುವ ಕೆಲಸವನ್ನೇ.

ಅದರ ಜಾಣತನ ಇರುವುದು ಯಾವಾಗ ಕೂಡಿಸಬೇಕು ಎಂಬುದರಲ್ಲಿ. ಇಲ್ಲಿ ಜನವರಿಯಲ್ಲಿ ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವ ರಾತ್ರಿಗಳಿರುತ್ತವೆ. ಮಲಗಿದಾಗ ಮನೆಯನ್ನು 16ಕ್ಕೆ ಇಳಿಸಿ, ಏಳುವ ಹೊತ್ತಿಗೆ 20ಕ್ಕೆ ತರುತ್ತದೆ. ನಾನು ಆರಕ್ಕೆ ಏಳುತ್ತೇನೆಂದರೆ ಆರಕ್ಕೆ ಶುರು ಮಾಡಿದರೆ ಪ್ರಯೋಜನವಿಲ್ಲ. ನಮ್ಮ ಮನೆ ಒಂದು ಡಿಗ್ರಿ ಏರಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದನ್ನು ಅದು ದಿನವೂ ಗಮನಿಸಿ ಕಲಿತುಕೊಳ್ಳುತ್ತದೆ. ಹೊರಗಿನ ಹವಾಮಾನವನ್ನು ಇಂಟರ್‌ನೆಟ್ಟಿನಿಂದ ತಿಳಿದು, ಹೆಚ್ಚು ಚಳಿ ಇದ್ದರೆ ಇನ್ನೂ ಬೇಗ ಶುರು ಮಾಡುತ್ತದೆ. ಎದುರಿಗೆ ಯಾರೂ ಓಡಾಡದಿದ್ದರೆ, ಎಲ್ಲರ ಮೊಬೈಲುಗಳೂ ಮನೆಯಿಂದ ದೂರ ಹೋಗಿದ್ದರೆ, ಮನೆ ಖಾಲಿ ಎಂದು ತಿಳಿದು ಉರಿ ತಗ್ಗಿಸುತ್ತದೆ. ಆದರೆ ಪೂರ್ತಿ ಆರಿಸುವಂತಿಲ್ಲ, ನಲ್ಲಿಯ ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ. ಸುಮಾರು 13 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ ಎಂಬುದು ಇಲ್ಲಿ ಸಾಮಾನ್ಯವಾಗಿ ಕೊಡುವ ಸಲಹೆ.

ಇನ್ನೂ ಒಂದು ವ್ಯವಸ್ಥೆ ಇದೆ. ಬೇಸಿಗೆಯ ಕಡುಬಿಸಿಲಿನ ಮಧ್ಯಾಹ್ನ ಊರಿಗೆಲ್ಲ ವಿದ್ಯುತ್ ಬೇಡಿಕೆ ಏರಿದಾಗ, ಒಪ್ಪಿಗೆ ಕೊಟ್ಟವರ ಮನೆಯ ಥರ್ಮೋಸ್ಟಾಟನ್ನು ವಿದ್ಯುತ್ ಕಂಪನಿಯೇ ಒಂದೆರಡು ಡಿಗ್ರಿ ಏರಿಸುತ್ತದೆ. ಬದಲಿಗೆ ಬಿಲ್ಲಿನಲ್ಲಿ ಸ್ವಲ್ಪ ಬಿಡುತ್ತದೆ. ಬೇಡವೆಂದರೆ ಆ ದಿನ ನಾವೇ ಬದಲಾಯಿಸಿಕೊಳ್ಳಬಹುದು.

ಬೆಟಗೇರಿ ಮಗ್ಗದ ಮನೆ

ಓದಿದೆ. ಗದಗ-ಬೆಟಗೇರಿಯಲ್ಲಿ ನಮ್ಮದು ಮಣ್ಣಿನ ಗೋಡೆ, ಜಂತಿಯ ಮೇಲೆ ದಪ್ಪ ಮಣ್ಣಿನ ಮೇಲ್ಮುದ್ದೆ ಹಾಕಿದ ಹಳೆಯ ಮನೆ. ಏಪ್ರಿಲ್ ಮಧ್ಯಾಹ್ನ ಹೊರಗೆ ನಿಂತರೆ ತಲೆ ಸುಡುತ್ತದೆ, ಒಳಗೆ ನೇಯುತ್ತ ಕೂರಬಹುದು. ಚಳಿಗಾಲಕ್ಕೆ ಕೌದಿ ಸಾಕು. ಕಾಂಕ್ರೀಟ್ ಮನೆ ಕಟ್ಟಿ, ಅದನ್ನು ತಂಪು ಮಾಡಲು ಎಸಿ ತಂದು, ಈಗ ಎಸಿಗೆ ಬುದ್ಧಿ ಹೇಳಲು ಇನ್ನೊಂದು ಯಂತ್ರ ತರುವುದು ನನಗೆ ಸರಿ ಕಾಣುವುದಿಲ್ಲ. ಮನೆಯನ್ನೇ ಸರಿಯಾಗಿ ಕಟ್ಟಿದರೆ ಇಷ್ಟೆಲ್ಲ ಬೇಕಿಲ್ಲ.

ಸಾಧನಕೇರಿ ಮಾಸ್ತರ

ಧಾರವಾಡದಿಂದ ಬರೆಯುತ್ತಿದ್ದೇನೆ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಬೆಟಗೇರಿಯವರ ಮಾತಿನಲ್ಲಿ ನಿಜವಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಥರ್ಮೋಸ್ಟಾಟ್ ಎಲ್ಲಿಂದ ಬಂತೆಂದು ಹೇಳುತ್ತೇನೆ, ಏಕೆಂದರೆ ಕೋಣೆಯ ವಿದ್ಯುತ್ ಥರ್ಮೋಸ್ಟಾಟ್ ಹುಟ್ಟಿದ್ದು ಅಕ್ಕಾವರಂಥ ಶಿಕ್ಷಕರ ಕೈಯಲ್ಲಿಯೇ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನಲ್ಲಿ ವಾರೆನ್ ಜಾನ್ಸನ್ ಎಂಬ ಶಿಕ್ಷಕರಿದ್ದರು. ಅವರ ಶಾಲೆಯಲ್ಲಿ ಬಿಸಿ ಸಾಲದು, ಹೆಚ್ಚಾಯಿತು ಎಂಬುದನ್ನು ತಿಳಿಯಲು ಸಿಪಾಯಿ ಪ್ರತಿ ತರಗತಿಗೂ ಬಂದು ನೋಡಿಹೋಗಬೇಕಾಗಿತ್ತು, ಪಾಠ ನಿಲ್ಲುತ್ತಿತ್ತು. ತರಗತಿಯ ಉಷ್ಣತೆ ತಾನಾಗಿ ನೆಲಮಾಳಿಗೆಯ ಒಲೆಯ ಬಳಿ ಗಂಟೆ ಬಾರಿಸುವಂತೆ ಅವರು ವಿದ್ಯುತ್ ಉಪಕರಣ ಮಾಡಿ 1883ರಲ್ಲಿ ಪೇಟೆಂಟ್ ಪಡೆದರು. ತಮ್ಮನವರಿರುವ ಮಿನಿಯಾಪೊಲಿಸ್‌ನಲ್ಲೇ 1885ರಲ್ಲಿ ಆಲ್ಬರ್ಟ್ ಬಟ್ಜ್ ಎಂಬವರು ಕಲ್ಲಿದ್ದಲ ಒಲೆಗೆ ಗಾಳಿ ಬಿಡುವ ತಟ್ಟೆಯನ್ನು ತಾನಾಗಿ ತೆರೆದು ಮುಚ್ಚುವ ಸಾಧನ ಮಾಡಿದರು. ಹನಿವೆಲ್ ಕಂಪನಿಯ ಬೇರು ಅಲ್ಲಿದೆ. ಅದೇ ಕಂಪನಿಯ ದುಂಡು ಥರ್ಮೋಸ್ಟಾಟ್ 1953ರಲ್ಲಿ ಬಂತು. ಅಮೆರಿಕದ ಹಳೆಯ ಮನೆಗಳ ಗೋಡೆಯಲ್ಲಿ ಈಗಲೂ ಕಾಣುತ್ತದೆ. 2011ರಲ್ಲಿ ನೆಸ್ಟ್ ಎಂಬ ಕಂಪನಿಯ ಯಂತ್ರ ಬಂದ ಮೇಲೆ ‘ಕಲಿಯುವ ಥರ್ಮೋಸ್ಟಾಟ್’ ಮನೆಮಾತಾಯಿತು.

ಹಳೆಯವುಗಳ ಹೃದಯ ಎರಡು ಲೋಹಗಳ ಬೆಸೆದ ಪಟ್ಟಿ. ಕಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ; ಪಟ್ಟಿ ಬಾಗುತ್ತದೆ, ಸಂಪರ್ಕ ತಪ್ಪುತ್ತದೆ. ನಮ್ಮ ಇಸ್ತ್ರಿ ಪೆಟ್ಟಿಗೆಯಲ್ಲಿ ‘ಟಿಕ್’ ಎನ್ನುವುದು ಅದೇ. ಇದರಲ್ಲಿ ಮುಖ್ಯವಾದ ಒಂದು ಸೂಕ್ಷ್ಮವಿದೆ. 24ಕ್ಕೆ ಇಟ್ಟರೆ ಸರಿಯಾಗಿ 24ರಲ್ಲಿಯೇ ಹತ್ತಿ, 24ರಲ್ಲಿಯೇ ಆರಿದರೆ ಯಂತ್ರ ಕ್ಷಣಕ್ಷಣಕ್ಕೂ ಹೊತ್ತಿ ಆರುತ್ತ ಹಾಳಾಗುತ್ತದೆ. ಆದ್ದರಿಂದ 24ರ ಕೆಳಗೆ ಸ್ವಲ್ಪ ಹೋದ ಮೇಲೆ ಆರಿ, ಮೇಲೆ ಸ್ವಲ್ಪ ಬಂದ ಮೇಲೆ ಹತ್ತುವಂತೆ ನಡುವೆ ಅಂತರ ಇಟ್ಟಿರುತ್ತಾರೆ. ಹಳೆಯ ನಾನ್-ಇನ್ವರ್ಟರ್ ಎಸಿ ಈ ಅಂತರದೊಳಗೆ ತೂಗಾಡುತ್ತದೆ. ಇನ್ವರ್ಟರ್ ಎಸಿ ಹಾಗೆ ಮಾಡುವುದಿಲ್ಲ. ಗುರಿಯಿಂದ ಎಷ್ಟು ದೂರವಿದ್ದೇನೆ ಎಂದು ಅಳೆದು, ಹತ್ತಿರ ಬಂದಂತೆ ಕಂಪ್ರೆಸರಿನ ವೇಗ ಇಳಿಸಿ, ಕೋಣೆಗೆ ಬರುವಷ್ಟೇ ಶಾಖವನ್ನು ಹೊರಗೆ ಹಾಕುತ್ತ ನಿಧಾನವಾಗಿ ಓಡುತ್ತಿರುತ್ತದೆ.

ಈಗ ಅಕ್ಕಾವರ ಕೋಣೆ. ಹತ್ತು ಗಂಟೆಗೆ 22ರಲ್ಲಿಯೂ ಸೆಕೆ ಏಕೆ? ಥರ್ಮೋಸ್ಟಾಟ್ ಅಳೆಯುವುದು ಗಾಳಿಯನ್ನು ಮಾತ್ರ. ಮೈಗೆ ತಾಗುವುದು ಗಾಳಿಯ ಜೊತೆಗೆ ಗೋಡೆ, ಛಾವಣಿಗಳಿಂದ ಹೊರಡುವ ಶಾಖವೂ ಹೌದು. ಬಿಸಿಲು ಬಿದ್ದ ಕಾಂಕ್ರೀಟ್ ಸ್ಲ್ಯಾಬ್ ಹಗಲೆಲ್ಲ ಶಾಖ ಕುಡಿದು, ಕೆಲವು ಗಂಟೆ ತಡವಾಗಿ ಅದನ್ನು ಒಳಗೆ ಬಿಡುತ್ತದೆ. ಹೊರಗೆ ತಂಗಾಳಿ ಬೀಸುತ್ತಿರುವ ಹೊತ್ತಿನಲ್ಲೇ ನಿಮ್ಮ ಮಂಚದ ಮೇಲಿನ ಛಾವಣಿ ಕಾದಿರುತ್ತದೆ. ಗಾಳಿ ಜೋರಾಗಿ ಬೀಸದ ಕೋಣೆಯಲ್ಲಿ ಮೈಗೆ ಅನಿಸುವ ಉಷ್ಣತೆ ಹೆಚ್ಚುಕಡಿಮೆ ಗಾಳಿಯ ಮತ್ತು ಗೋಡೆ-ಛಾವಣಿಗಳ ಉಷ್ಣತೆಯ ಸರಾಸರಿ. ಗಾಳಿ 24 ಇದ್ದು ಸುತ್ತಲಿನ ಗೋಡೆ, ಛಾವಣಿಗಳು ಸರಾಸರಿ 34 ಇದ್ದರೆ ನಿಮಗೆ 29ರಂತೆ ಅನಿಸುತ್ತದೆ. ಮೂರು ಗಂಟೆಯ ಹೊತ್ತಿಗೆ ಸ್ಲ್ಯಾಬ್ ಆರಿರುತ್ತದೆ, ಆಗ 22 ನಿಜವಾಗಿಯೂ 22ರಂತೆ ಅನಿಸುತ್ತದೆ, ಅತ್ತೆಯವರು ನಡುಗುತ್ತಾರೆ. ಎಸಿ ತಪ್ಪಿಲ್ಲದೆ ಕೆಲಸ ಮಾಡುತ್ತಿದೆ. ಅದಕ್ಕೆ ಛಾವಣಿ ಕಾಣುವುದಿಲ್ಲ, ಅಷ್ಟೇ. ಎಷ್ಟು ದುಬಾರಿಯ ಸ್ಮಾರ್ಟ್ ಯಂತ್ರ ತಂದರೂ ಈ ಕುರುಡು ಉಳಿಯುತ್ತದೆ.

ಬೆಟಗೇರಿಯವರೇ, ನಿಮ್ಮ ಮೇಲ್ಮುದ್ದೆ ದಪ್ಪವಾಗಿರುವುದರಿಂದ ಹಗಲ ಶಾಖ ಒಳಗೆ ತಲುಪುವ ಹೊತ್ತಿಗೆ ರಾತ್ರಿಯಾಗಿ, ಅದು ಮೇಲಿನಿಂದಲೇ ಆಕಾಶಕ್ಕೆ ಹೋಗಿಬಿಟ್ಟಿರುತ್ತದೆ. ಆದರೆ ಕೇಶ್ವಾಪುರದಲ್ಲಿ ಈಗಾಗಲೇ ಕಟ್ಟಿರುವ ಮನೆಯನ್ನು ಕೆಡವಿ ಮಣ್ಣಿನದು ಕಟ್ಟಲಾಗದು. ಇರುವ ತಾರಸಿಗೆ ಬಿಳಿ ಸುಣ್ಣವನ್ನೋ ಬಿಸಿಲು ಹಿಂದಿರುಗಿಸುವ ಬಿಳಿ ಬಣ್ಣವನ್ನೋ ಬಳಿಸುವುದು ಮೊದಲ ಕೆಲಸ.

ನವನಗರ ಲೆಕ್ಕಪತ್ರ

ಬಿಲ್ಲಿನ ಮಾತು ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ. ಹೆಸ್ಕಾಂ ಗ್ರಾಹಕರಿಗೆ ಗೃಹಜ್ಯೋತಿ ಇರುವುದರಿಂದ ನಮ್ಮಲ್ಲಿ ಲೆಕ್ಕ ಬೇರೆಯೇ. ತಿಂಗಳಿಗೆ 200 ಯೂನಿಟ್ ಎಂಬ ಗಡಿ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಬರೀ ಹೆಚ್ಚುವರಿಗಲ್ಲ. ಗಡಿಯ ಆಚೆ ಈಚೆ ಇರುವ ಮನೆಗೆ ಮೂವತ್ತು ನಲವತ್ತು ಯೂನಿಟ್ ಬಹಳ ದೊಡ್ಡದು.

ಉದಾಹರಣೆಗೆ ಎಸಿ ಸರಾಸರಿ 0.8 ಕಿಲೋವ್ಯಾಟ್ ಎಳೆಯುತ್ತದೆ, ರಾತ್ರಿ 7 ಗಂಟೆ ಓಡುತ್ತದೆ ಎಂದಿಟ್ಟುಕೊಳ್ಳಿ. 30 ದಿನಕ್ಕೆ 168 ಯೂನಿಟ್. ಇಂಧನ ದಕ್ಷತಾ ಬ್ಯೂರೋ ಹೇಳುವ ಪ್ರಕಾರ ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ. 22ರ ಬದಲು 26 ಇಟ್ಟರೆ 168 ಇದ್ದದ್ದು ಸುಮಾರು 131ಕ್ಕೆ ಇಳಿಯುತ್ತದೆ. ಇದೇ ಕಾರಣಕ್ಕೆ 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಕೋಣೆ ಎಸಿಗಳು ತಾವಾಗಿ 24ರಲ್ಲಿ ಶುರುವಾಗಬೇಕೆಂಬ ನಿಯಮ ಬಂದಿದೆ. ಅಲ್ಲಿಂದ ಕೆಳಗೆ ಇಳಿಸುವವರು ನಾವೇ.

ಮೆಕ್ಯಾನಿಕ್ ಅಣ್ಣಾ, ಗೋಡೆಯ ಥರ್ಮೋಸ್ಟಾಟ್ ಬೇಡ ಸರಿ. ರಿಮೋಟಿನ ಬದಲು ತಾನೇ ಇನ್‌ಫ್ರಾರೆಡ್ ಸಂಕೇತ ಬಿಡುವ ಚಿಕ್ಕ ವೈಫೈ ಡಬ್ಬಿಗಳು ಸಿಗುತ್ತವಲ್ಲ, ಅವು ಅಮೆರಿಕದ ಯಂತ್ರದ ಕೆಲಸವನ್ನೇ ಮಾಡುತ್ತವೆ. ಮನೆಯವರೆಲ್ಲ ಹೊರಗೆ ಹೋದಾಗ ಆರಿಸುತ್ತವೆ, ಹೊತ್ತಿಗೆ ತಕ್ಕಂತೆ ಡಿಗ್ರಿ ಬದಲಿಸುತ್ತವೆ. ಅವನ್ನು ಏಕೆ ಹೇಳಲಿಲ್ಲ?

ಗೋಕುಲ ರಸ್ತೆ ಎಸಿ ಮೆಕ್ಯಾನಿಕ್

ಹೇಳುವವನಿದ್ದೆ ಸರ್. ಆ ಡಬ್ಬಿ ಒಳ್ಳೆಯದೇ, ಆದರೆ ಅದರ ಸ್ವಭಾವ ಗೊತ್ತಿರಬೇಕು.

ಅದು ಮಾತನಾಡುತ್ತದೆ, ಉತ್ತರ ಕೇಳಿಸಿಕೊಳ್ಳುವುದಿಲ್ಲ. ‘26ಕ್ಕೆ ಹೋಗು’ ಎಂದು ಸಂಕೇತ ಬಿಟ್ಟು ಕೆಲಸವಾಯಿತೆಂದು ಮೊಬೈಲಿನಲ್ಲಿ ತೋರಿಸುತ್ತದೆ. ನಡುವೆ ಪರದೆ ಅಡ್ಡ ಬಂದು ಎಸಿಗೆ ಅದು ತಲುಪದಿದ್ದರೆ ತಿಳಿಯುವುದಿಲ್ಲ. ಯಾರಾದರೂ ಹಳೆಯ ರಿಮೋಟ್ ಒತ್ತಿ ಬದಲಿಸಿದರೆ ಕೆಲವು ಡಬ್ಬಿಗಳು ಆ ಸಂಕೇತವನ್ನು ಹಿಡಿದು ತಿದ್ದಿಕೊಳ್ಳುತ್ತವೆ, ಹಲವು ಹಿಡಿಯುವುದಿಲ್ಲ. ಕರೆಂಟ್ ಹೋಗಿ ಬಂದರೆ ಎಸಿ ತಾನಾಗಿ ಮತ್ತೆ ಶುರುವಾಗುತ್ತದೋ ಇಲ್ಲವೋ ಎಂಬುದು ಎಸಿಯಲ್ಲಿರುವ ಆಟೋ ರೀಸ್ಟಾರ್ಟ್ ಮೇಲೆ ನಿಂತಿದೆ, ಡಬ್ಬಿಯ ಮೇಲಲ್ಲ. ಮಳೆಗಾಲದ ಮೊದಲ ಗುಡುಗಿಗೆ ಕರೆಂಟ್ ಹೋಗುವ ಬಡಾವಣೆಯಲ್ಲಿ ಇದನ್ನು ಮೊದಲು ಪರೀಕ್ಷಿಸಿಕೊಳ್ಳಿ. ಬಹುತೇಕ ಡಬ್ಬಿಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಬೇಕು, 5ಕ್ಕೆ ಮಾತ್ರ ಇಟ್ಟ ರೂಟರಿಗೆ ಸೇರುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಇನ್ವರ್ಟರ್ ಮಾತು. ಡಬ್ಬಿಯಲ್ಲಿ ‘ಕೋಣೆ 26ಕ್ಕಿಂತ ತಣ್ಣಗಾದರೆ ಎಸಿ ಆರಿಸು, 27 ದಾಟಿದರೆ ಹಚ್ಚು’ ಎಂದು ಹೊಂದಿಸುವವರಿದ್ದಾರೆ. ಹಳೆಯ ನಾನ್-ಇನ್ವರ್ಟರ್ ಎಸಿಗೆ ಅದು ನಡೆಯುತ್ತದೆ. ಇನ್ವರ್ಟರಿಗೆ ಮಾಡಬೇಡಿ. ಮಾಸ್ತರರು ಹೇಳಿದಂತೆ ಅದು ನಿಧಾನಕ್ಕೆ ಓಡುತ್ತ ಉಳಿಸುವ ಯಂತ್ರ. ಪದೇ ಪದೇ ಆರಿಸಿ ಹಚ್ಚಿದರೆ ಪ್ರತಿ ಬಾರಿಯೂ ಪೂರ್ಣ ವೇಗಕ್ಕೆ ಏರಿ, ನೀವು ಕೊಟ್ಟ ಹೆಚ್ಚಿನ ಬೆಲೆ ವ್ಯರ್ಥವಾಗುತ್ತದೆ. ಅದಕ್ಕೆ ಡಿಗ್ರಿಯನ್ನು ಮಾತ್ರ ಬದಲಿಸಲು ಹೇಳಿ, ಆರಿಸಲು ಹೇಳಬೇಡಿ. ಎಲ್ಲರೂ ಹೊರಗೆ ಹೋದಾಗ ಆರಿಸುವುದು ಬೇರೆ ವಿಷಯ, ಅದು ಸರಿ.

ಆರಿಸಿದ ಕೂಡಲೇ ಹಚ್ಚಿದರೂ ಕಂಪ್ರೆಸರ್ ಮೂರು ನಿಮಿಷ ಸುಮ್ಮನಿರುತ್ತದೆ. ಎಸಿ ಕೆಟ್ಟಿತೆಂದು ಅಷ್ಟಕ್ಕೇ ಫೋನ್ ಮಾಡುವವರು ಬಹಳ. ಒಳಗಿನ ಅನಿಲದ ಒತ್ತಡ ಎರಡೂ ಕಡೆ ಸಮನಾಗುವ ಮೊದಲು ಕಂಪ್ರೆಸರನ್ನು ತಿರುಗಿಸಿದರೆ ಮೋಟಾರಿಗೆ ಪೆಟ್ಟು. ತಮ್ಮನವರ ಮನೆಯ ಥರ್ಮೋಸ್ಟಾಟೂ ಇದೇ ಕಾರಣಕ್ಕೆ ಕೆಲವು ನಿಮಿಷ ತಡೆದೇ ಹಚ್ಚುತ್ತದೆ.

ಅಕ್ಕಾವರೇ, ಡಬ್ಬಿ ಕೊಳ್ಳುವ ಮೊದಲು ದುಡ್ಡಿಲ್ಲದ ದಾರಿ ನೋಡಿ. ನಿಮ್ಮ ರಿಮೋಟಿನಲ್ಲಿ ಸ್ಲೀಪ್ ಗುಂಡಿ ಇರುತ್ತದೆ. ಒತ್ತಿದರೆ ಹಲವು ಎಸಿಗಳು ಮೊದಲ ಗಂಟೆ ಕಳೆದ ಮೇಲೆ ಒಂದು ಡಿಗ್ರಿ, ಎರಡನೆಯ ಗಂಟೆಗೆ ಇನ್ನೊಂದು ಡಿಗ್ರಿ ತಾವಾಗಿಯೇ ಏರಿಸುತ್ತವೆ. ಕೆಲವು ರಿಮೋಟುಗಳಲ್ಲಿ ‘ಐ ಫೀಲ್’ ಅಥವಾ ‘ಫಾಲೋ ಮಿ’ ಎಂಬ ಗುಂಡಿಯೂ ಇದೆ. ಅದನ್ನು ಒತ್ತಿದರೆ ಎಸಿ ತನ್ನ ತಲೆಯ ಮೇಲಿನ ಸೆನ್ಸರ್ ಬಿಟ್ಟು ರಿಮೋಟಿನೊಳಗಿನ ಸೆನ್ಸರನ್ನು ನಂಬುತ್ತದೆ. ರಿಮೋಟನ್ನು ಅತ್ತೆಯವರ ದಿಂಬಿನ ಪಕ್ಕದ ಸ್ಟೂಲಿನ ಮೇಲೆ, ಎಸಿಗೆ ಕಾಣುವಂತೆ ಇಡಿ. ಹೊದಿಕೆಯ ಕೆಳಗೆ ಹೋಗಬಾರದು. ಅಳತೆ ಮಾಡುವ ಜಾಗ ಮಂಚಕ್ಕೆ ಇಳಿಯಿತು, ಒಂದು ರೂಪಾಯಿ ಖರ್ಚಿಲ್ಲದೆ.

ಬ್ಯಾಡಗಿ ಕೋಲ್ಡ್ ಸ್ಟೋರೇಜ್

ಮೆಕ್ಯಾನಿಕ್ ಅಣ್ಣನ ಕೊನೆಯ ಮಾತಿಗೆ ನನ್ನ ಪೂರ್ತಿ ಸಹಮತ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಶೀತಲಗೃಹದಲ್ಲಿ ಕೆಲಸ ಮಾಡುತ್ತೇನೆ. ಬಣ್ಣ ಉಳಿಯಬೇಕೆಂದು ರೈತರೂ ವ್ಯಾಪಾರಿಗಳೂ ಚೀಲಗಳನ್ನು ತಿಂಗಳುಗಟ್ಟಲೆ ನಮ್ಮಲ್ಲಿ ಇಡುತ್ತಾರೆ. ನಮ್ಮ ಬದುಕೇ ಥರ್ಮೋಸ್ಟಾಟಿನ ಮೇಲೆ.

ಹೊಸ ಮಾಲು ತುಂಬಿದ ದಿನ ಕೋಣೆಯ ಗಾಳಿ ಬೇಗ ತಣ್ಣಗಾಗುತ್ತದೆ, ಬೋರ್ಡಿನ ಮೇಲೆ ಬೇಕಾದ ಅಂಕಿ ಬರುತ್ತದೆ. ಚೀಲದ ನಡುವೆ ಕಡ್ಡಿ ಸೆನ್ಸರ್ ಚುಚ್ಚಿ ನೋಡಿದರೆ ಒಳಗೆ ಇನ್ನೂ ಬಿಸಿ. ಗಾಳಿಯ ಅಂಕಿ ನೋಡಿ ಕಂಪ್ರೆಸರ್ ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಚೀಲದ ಬಿಸಿ ಹೊರಗೆ ಬಂದು ಕೋಣೆ ಮತ್ತೆ ಏರುತ್ತದೆ. ಆದ್ದರಿಂದ ಸೆನ್ಸರನ್ನು ಬಾಗಿಲ ಬಳಿ ಹಾಕುವುದಿಲ್ಲ, ಫ್ಯಾನಿನ ತಂಪು ಗಾಳಿ ನೇರವಾಗಿ ಹೊಡೆಯುವ ಕಡೆಯೂ ಹಾಕುವುದಿಲ್ಲ. ಗಾಳಿ ಮಾಲನ್ನು ಸುತ್ತಿ ವಾಪಸು ಬರುವ ದಾರಿಯಲ್ಲಿ ಹಾಕುತ್ತೇವೆ, ಜೊತೆಗೆ ಚೀಲದೊಳಗಿನದನ್ನೂ ನೋಡುತ್ತೇವೆ. ಅಕ್ಕಾವರ ಮನೆಯಲ್ಲಿ ಛಾವಣಿಯೇ ಆ ಬಿಸಿ ಚೀಲ.

ಹಾಗಾಗಿ ನನ್ನ ಸಲಹೆ: ಹತ್ತಕ್ಕೆ ಮಲಗುವವರು ಎಂಟೂವರೆ ಒಂಬತ್ತಕ್ಕೇ 25ಕ್ಕೆ ಹಚ್ಚಿಡಿ. ನಿಧಾನಕ್ಕೆ ಗೋಡೆ, ಹಾಸಿಗೆ, ಕಪಾಟು ಎಲ್ಲವೂ ತಣಿಯುತ್ತವೆ. ಹತ್ತಕ್ಕೆ ಬಂದು 18ಕ್ಕೆ ಒತ್ತಿದರೆ ಗಾಳಿ ಮಾತ್ರ ತಣಿಯುತ್ತದೆ. 18 ಒತ್ತಿದರೆ ಬೇಗ ತಣ್ಣಗಾಗುತ್ತದೆ ಎಂದು ನಂಬುವವರು ಬಹಳ ಮಂದಿ ಇದ್ದಾರೆ. ಕೋಣೆ ಬಿಸಿಯಾಗಿರುವಷ್ಟು ಹೊತ್ತು ಕಂಪ್ರೆಸರ್ ಹೇಗಿದ್ದರೂ ಜೋರಾಗಿಯೇ ಓಡುತ್ತಿರುತ್ತದೆ. 18 ಎಂಬುದು ಅದು ಎಲ್ಲಿ ನಿಲ್ಲಬೇಕೆಂದು ಹೇಳುತ್ತದೆ, ಎಷ್ಟು ಬೇಗ ಹೋಗಬೇಕೆಂದು ಹೇಳುವುದಿಲ್ಲ.

ನವನಗರ ಲೆಕ್ಕಪತ್ರ

ಒಂದೂವರೆ ಗಂಟೆ ಮೊದಲೇ ಹಚ್ಚಿದರೆ ನಾನು ಹಾಕಿದ ಲೆಕ್ಕ ಏರುತ್ತದಲ್ಲ?

ಬ್ಯಾಡಗಿ ಕೋಲ್ಡ್ ಸ್ಟೋರೇಜ್

ಏರುತ್ತದೆ. ಆದರೆ ರಾತ್ರಿಯಿಡೀ 22ರ ಬದಲು 26ಕ್ಕೆ ನಿಲ್ಲಲು ಸಾಧ್ಯವಾದರೆ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ತಾರಸಿಗೆ ಬಿಳಿ ಬಳಿಸಿದರೆ ಮೊದಲೇ ಹಚ್ಚುವುದೂ ಬೇಕಾಗಲಿಕ್ಕಿಲ್ಲ.

ಸಾಧನಕೇರಿ ಮಾಸ್ತರ

ಫ್ಯಾನನ್ನು ಯಾರೂ ಹೇಳಲಿಲ್ಲ. ಎಸಿ ಹಚ್ಚಿದ ಕೂಡಲೇ ಫ್ಯಾನು ಆರಿಸುವ ರೂಢಿ ನಮ್ಮಲ್ಲಿ ಬಲವಾಗಿದೆ, ಅದನ್ನು ಬಿಡಬೇಕು. ತಲೆಯ ಮೇಲಿನ ಸಾಧಾರಣ ಫ್ಯಾನು 75 ವ್ಯಾಟ್ ಎಳೆಯುತ್ತದೆ, ಹೊಸ ಬಗೆಯ ಮೋಟಾರಿರುವ ಬಿಎಲ್‌ಡಿಸಿ ಫ್ಯಾನು ಅದರ ಅರ್ಧಕ್ಕಿಂತ ಕಡಿಮೆ. ಮೈಮೇಲೆ ಗಾಳಿ ಆಡಿದರೆ ಎರಡು ಡಿಗ್ರಿಯಷ್ಟು ಹೆಚ್ಚಿನ ಉಷ್ಣತೆಯೂ ಹಿತವಾಗಿಯೇ ಇರುತ್ತದೆ. 24ರಲ್ಲಿ ಫ್ಯಾನಿಲ್ಲದೆ ಇರುವುದಕ್ಕಿಂತ 26ರಲ್ಲಿ ಮೆಲ್ಲಗೆ ಫ್ಯಾನು ತಿರುಗುತ್ತಿರುವುದು ಮೈಗೂ ಒಳ್ಳೆಯದು, ಬಿಲ್ಲಿಗೂ ಒಳ್ಳೆಯದು.

ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ನಮ್ಮ ದೇಶದ ಕಚೇರಿಗಳಲ್ಲಿ ಜನರನ್ನು ಕೇಳಿ ಒಂದು ಹಿತಮಾನದ ಸೂತ್ರ ರೂಪಿಸಿದ್ದಾರೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿಯೂ ಅದು ಸೇರಿದೆ. ಕಿಟಕಿ ತೆರೆದಿಡುವ ಕಟ್ಟಡಗಳಲ್ಲಿ, ಹೊರಗಿನ ಸರಾಸರಿ ಉಷ್ಣತೆ 28ರ ಆಸುಪಾಸಿನಲ್ಲಿರುವ ಕಾಲಕ್ಕೆ, ಒಳಗೂ ಸುಮಾರು 28 ಡಿಗ್ರಿ ಜನರಿಗೆ ಹಿತವೆನಿಸುತ್ತದೆ ಎಂದು ಆ ಸೂತ್ರ ಹೇಳುತ್ತದೆ. ನಮ್ಮ ಮೈ ಊರಿನ ಹವೆಗೆ ಹೊಂದಿಕೊಳ್ಳುತ್ತದೆ. 22 ನಮ್ಮ ಸೀಮೆಯ ಬೇಸಿಗೆಗೆ ಬೇಕಾದ ಅಂಕಿಯೇ ಅಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಧಾರವಾಡದವರಿಗೆ ಪ್ರತ್ಯೇಕವಾಗಿ ಒಂದು ಮಾತು. ಸಂಜೆ ಪಶ್ಚಿಮದ ಗಾಳಿ ಬಿಟ್ಟ ಮೇಲೆ ಹೊರಗೆ ಒಳಗಿಗಿಂತ ತಂಪಿರುತ್ತದೆ. ಆಗ ಕಿಟಕಿ ತೆರೆದು ಒಂದು ಗಂಟೆ ಫ್ಯಾನು ಹಾಕಿದರೆ ಎಷ್ಟೋ ಶಾಖ ಹೊರಗೆ ಹೋಗುತ್ತದೆ. ಒಳಗೆ ಎಷ್ಟು, ಹೊರಗೆ ಎಷ್ಟು ಎಂದು ಎರಡು ಚಿಕ್ಕ ಡಿಜಿಟಲ್ ಉಷ್ಣತಾಮಾಪಕ ಇಟ್ಟು ನೋಡಿದರೆ ಕಿಟಕಿ ಯಾವಾಗ ತೆರೆಯಬೇಕೆಂದು ತಿಳಿಯುತ್ತದೆ. ಯಾವ ಸ್ಮಾರ್ಟ್ ಯಂತ್ರವೂ ಕಿಟಕಿ ತೆರೆಯುವುದಿಲ್ಲ.

ಬೆಟಗೇರಿ ಮಗ್ಗದ ಮನೆ

ಮಾಸ್ತರರ ಈ ಮಾತು ನನಗೆ ಪೂರ್ತಿ ಒಪ್ಪಿಗೆ. ಸುಣ್ಣ ಬಳಿಯುವ ಮುಂಚೆ ತಾರಸಿಯ ಬಿರುಕು ಮುಚ್ಚಿಸಿರಿ ಅಕ್ಕಾವರೇ, ಇಲ್ಲದಿದ್ದರೆ ಜೂನ್‌ನಲ್ಲಿ ಸೋರುತ್ತದೆ.

ಮಿನಿಯಾಪೊಲಿಸ್ ತಮ್ಮ

ಇನ್ನೊಂದು ಎಚ್ಚರಿಕೆ ಸೇರಿಸಬೇಕು. ಇಂಥ ಯಂತ್ರಗಳ ಅರ್ಧ ಬುದ್ಧಿ ಕಂಪನಿಯ ಸರ್ವರ್‌ನಲ್ಲಿರುತ್ತದೆ. ಈಗ ಗೂಗಲ್‌ನ ಒಡೆತನದಲ್ಲಿರುವ ನೆಸ್ಟ್‌ನ 2011 ಮತ್ತು 2012ರ ಮಾದರಿಗಳಿಗೆ 2025ರ ಅಕ್ಟೋಬರ್‌ನಿಂದ ಗೂಗಲ್ ಬೆಂಬಲ ನಿಲ್ಲಿಸಿದೆ. ಗೋಡೆಯ ಮೇಲೆ ಕೈಯಿಂದ ತಿರುಗಿಸಿದರೆ ಕೆಲಸ ಮಾಡುತ್ತವೆ, ಮೊಬೈಲಿನಿಂದ ಇಲ್ಲ. ಅಕ್ಕ ಡಬ್ಬಿ ಕೊಳ್ಳುವುದಾದರೆ ಇಂಟರ್‌ನೆಟ್ ಇಲ್ಲದಿದ್ದಾಗಲೂ ಮನೆಯ ವೈಫೈಯಲ್ಲೇ ಕೆಲಸ ಮಾಡುವಂಥದ್ದನ್ನು ನೋಡಿಕೊಳ್ಳಲಿ. ಮನೆಯಲ್ಲಿ ಯಾರು ಯಾವಾಗ ಇರುತ್ತಾರೆ ಎಂಬ ವಿವರ ಅದಕ್ಕೆ ಗೊತ್ತಿರುತ್ತದೆ. ಬೇಡದ ಅನುಮತಿಗಳನ್ನು ಮೊಬೈಲಿನಲ್ಲಿ ಕೊಡಬಾರದು.

ಅಮೆರಿಕದ ಇಂಧನ ಇಲಾಖೆ ಹೇಳುವ ವರ್ಷಕ್ಕೆ ಶೇಕಡಾ 10ರವರೆಗಿನ ಉಳಿತಾಯ ಕೂಡ, ದಿನಕ್ಕೆ 8 ಗಂಟೆ ನಾಲ್ಕೈದು ಡಿಗ್ರಿ ಬದಲಿಸಿ ಇಡುವವರಿಗೆ ಅನ್ವಯಿಸುವ ಮಾತು. ಇಡೀ ಮನೆಯನ್ನು ಹಗಲೂ ರಾತ್ರಿ ಬಿಸಿ ಮಾಡುವ ನಮಗೆ ಅದು ದೊಡ್ಡ ಮೊತ್ತ. ಒಂದೇ ಕೋಣೆಯನ್ನು ರಾತ್ರಿ ಮಾತ್ರ ತಂಪು ಮಾಡುವ ಹುಬ್ಬಳ್ಳಿಯ ಮನೆ ಆ ಉಳಿತಾಯವನ್ನು ಈಗಾಗಲೇ ಮಾಡಿಕೊಂಡಿದೆ.

ಕೇಶ್ವಾಪುರ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆ. ರಿಮೋಟಿನಲ್ಲಿ ಸ್ಲೀಪ್ ಇದೆ, ‘ಐ ಫೀಲ್’ ಕೂಡ ಇದೆ. ಅತ್ತೆಯವರ ಸ್ಟೂಲಿನ ಮೇಲೆ ರಿಮೋಟ್ ಇಟ್ಟು 26ಕ್ಕೆ ಹಾಕಿ, ಫ್ಯಾನು ಒಂದರಲ್ಲಿ ಬಿಟ್ಟೆ. ನಸುಕಿನಲ್ಲಿ ಅವರು ಎಬ್ಬಿಸಲಿಲ್ಲ. ಹತ್ತು ಗಂಟೆಯ ಸೆಕೆ ಇನ್ನೂ ಇದೆ, ತಾರಸಿಯ ಕೆಲಸಕ್ಕೆ ಗೌಂಡಿಯವರನ್ನು ಕರೆದಿದ್ದೇನೆ. ಡಬ್ಬಿಯನ್ನು ಸದ್ಯಕ್ಕೆ ಕೊಳ್ಳುವುದಿಲ್ಲ.

ಮಾತು ಬಂದಿದ್ದರಿಂದ ಕೇಳುತ್ತೇನೆ: ನಮ್ಮ ತಾರಸಿಯ ಮೇಲೆ ಸೋಲಾರ್ ನೀರಿನ ಟ್ಯಾಂಕಿದೆ, ಅದರೊಳಗೆ ಮೋಡದ ದಿನಗಳಿಗೆಂದು ವಿದ್ಯುತ್ ಕಾಯಿಲ್ ಇದೆ. ಅದಕ್ಕೂ ಥರ್ಮೋಸ್ಟಾಟ್ ಇದೆಯೆಂದು ವರ್ಷವಿಡೀ ಸ್ವಿಚ್ ಹಾಕಿಯೇ ಇಟ್ಟಿದ್ದೇವೆ. ಅದು ಸರಿಯೇ?

ಗೋಕುಲ ರಸ್ತೆ ಎಸಿ ಮೆಕ್ಯಾನಿಕ್

ಆ ಸ್ವಿಚ್ಚನ್ನು ಇವತ್ತೇ ಆರಿಸಿ ಅಕ್ಕಾವರೇ. ನೀವು ಎಸಿಯಲ್ಲಿ ಉಳಿಸುವುದಕ್ಕಿಂತ ಹೆಚ್ಚು ಅಲ್ಲಿ ಹೋಗುತ್ತಿರಬಹುದು.

ಬೆಳಿಗ್ಗೆ ಎಲ್ಲರ ಸ್ನಾನ ಮುಗಿದಾಗ ಟ್ಯಾಂಕಿಗೆ ತಣ್ಣೀರು ತುಂಬುತ್ತದೆ. ಥರ್ಮೋಸ್ಟಾಟ್ ತಣ್ಣೀರು ಕಂಡ ಕೂಡಲೇ ಕಾಯಿಲ್ ಹಚ್ಚುತ್ತದೆ. ಬಿಸಿಲು ಏರುವ ಮೊದಲೇ ನೀರು ಕರೆಂಟಿನಲ್ಲಿ ಕಾದಿರುತ್ತದೆ. ಸೂರ್ಯನಿಗೆ ಕಾಯಿಸಲು ಏನೂ ಉಳಿದಿರುವುದಿಲ್ಲ. ಥರ್ಮೋಸ್ಟಾಟಿಗೆ ಹೊತ್ತು ತಿಳಿಯುವುದಿಲ್ಲ, ಡಿಗ್ರಿ ಮಾತ್ರ ತಿಳಿಯುತ್ತದೆ.

ಸಾಧನಕೇರಿ ಮಾಸ್ತರ

ಲೆಕ್ಕ ಹಾಕಿಕೊಳ್ಳಿ: 100 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಸುಮಾರು 4 ಯೂನಿಟ್ ಬೇಕು. ದಿನವೂ ಹೀಗೆ ನಡೆದರೆ ತಿಂಗಳಿಗೆ 120 ಯೂನಿಟ್, ಅಷ್ಟೂ ಬಿಸಿಲಿನಿಂದ ಪುಕ್ಕಟೆ ಸಿಗುತ್ತಿದ್ದದ್ದು.

ನವನಗರ ಲೆಕ್ಕಪತ್ರ

120! ಗೃಹಜ್ಯೋತಿಯ ಅರ್ಧಕ್ಕಿಂತ ಹೆಚ್ಚು ಅಲ್ಲಿಯೇ ಹೋಯಿತು. ಆ ಕಾಯಿಲಿಗೆ ಟೈಮರ್ ಹಾಕಿಸಬಹುದೇ ಅಣ್ಣಾ?

ಗೋಕುಲ ರಸ್ತೆ ಎಸಿ ಮೆಕ್ಯಾನಿಕ್

ಹಾಕಿಸಬಹುದು. 2 ಕಿಲೋವ್ಯಾಟ್ ಕಾಯಿಲ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಆದ್ದರಿಂದ 16 ಆಂಪಿಯರ್‌ನದೇ ಆಗಬೇಕು. ಸಾಮಾನ್ಯ 6 ಆಂಪಿಯರ್ ಸ್ಮಾರ್ಟ್ ಪ್ಲಗ್ ಕರಗಿಹೋಗುತ್ತದೆ. ನಸುಕಿನ ನಾಲ್ಕೂವರೆಯಿಂದ ಆರರವರೆಗೆ ಮಾತ್ರ ಬಿಡುವಂತೆ ಹೊಂದಿಸಿ. ಹಿಂದಿನ ದಿನ ಬಿಸಿಲಿದ್ದರೆ ಟ್ಯಾಂಕು ಕಾದಿರುತ್ತದೆ, ಒಳಗಿನ ಥರ್ಮೋಸ್ಟಾಟ್ ಕಾಯಿಲನ್ನು ಹಚ್ಚುವುದೇ ಇಲ್ಲ. ಮೋಡವಿದ್ದರೆ ಬೇಕಾದಷ್ಟೇ ಹಚ್ಚುತ್ತದೆ. ಅರ್ಥಿಂಗ್ ಸರಿ ಇದೆಯೇ ಎಂದು ಅದೇ ದಿನ ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. ಬೋರ್‌ವೆಲ್ ನೀರಾದರೆ ಕಾಯಿಲಿಗೆ ಸುಣ್ಣದ ಪೊರೆ ಕಟ್ಟಿರುತ್ತದೆ. ಅದನ್ನೂ ಕೆರೆಸಿ, ಮಳೆಗಾಲಕ್ಕೆ ಮೊದಲು.